ಕಿಮೋ ನಿಲ್ಲಿಸಿದ ಮೇಲೆ ಬಂದ ತವರಿನ ಸೀರೆ

'ಕಿಮೋ ಬಿಡಿಸಿದರಂತೆ' ಎಂದು ನಮ್ಮ ಬಗ್ಗೆ ಹೇಳುವವರು ಈಗಲೂ ಇದ್ದಾರೆ. ಹೇಳುವಾಗ ಧ್ವನಿ ತಗ್ಗಿಸುತ್ತಾರೆ, ಮುಖ ಸಣ್ಣದು ಮಾಡುತ್ತಾರೆ, ಹೆತ್ತ ತಾಯಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬಂದವರನ್ನು ನೋಡುವ ಹಾಗೆ ನೋಡುತ್ತಾರೆ. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಅದಕ್ಕೇ ಇದನ್ನು ಬರೆಯಲು ಕೂತೆ. ಇನ್ನೊಂದು ಕಾರಣವೂ ಇದೆ. ಇವತ್ತು ಯಾವುದೋ ದವಾಖಾನೆಯ ಪಡಸಾಲೆಯಲ್ಲಿ ಅಕ್ಕ ತಮ್ಮಂದಿರು ಇದೇ ಮಾತಿಗೆ ಜಗಳವಾಡುತ್ತ ನಿಂತಿರುತ್ತಾರೆ. ಅಲ್ಲಿ ನಾವೂ ನಿಂತಿದ್ದೆವು ಎಂದು ಅವರಿಗೆ ಗೊತ್ತಾಗಲಿ.

ಮೊದಲೇ ಹೇಳಿಬಿಡುತ್ತೇನೆ, ಅವ್ವ ಇದ್ದಾಳೆ. ನಾನು ಇದನ್ನು ಬರೆಯುವಾಗ ಒಳಗಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಾಳೆ.

ಅವ್ವನ ಹೆಸರು ಗಂಗವ್ವ. ಅಪ್ಪ ತೀರಿಕೊಂಡ ಮೇಲೆ ಹುನಗುಂದದಲ್ಲಿ ಹಿಟ್ಟಿನ ಗಿರಣಿಯನ್ನು ತಾನೇ ನಡೆಸಿ ನನ್ನನ್ನೂ ನನ್ನ ತಮ್ಮ ಈರಣ್ಣನನ್ನೂ ದೊಡ್ಡವರನ್ನಾಗಿ ಮಾಡಿದಳು. ವರ್ಷಗಟ್ಟಲೆ ಗಿರಣಿಯ ಸದ್ದಿನ ಮೇಲೆ ಮಾತಾಡಿದವಳಿಗೆ ಮೆತ್ತಗೆ ಮಾತಾಡುವುದು ಅಂದರೇನೆಂದು ಗೊತ್ತಿಲ್ಲ. ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ. ಈರಣ್ಣ ಬಾಗಲಕೋಟೆಯಲ್ಲಿ ಹೈಸ್ಕೂಲು ಮಾಸ್ತರ. ನಾನು ಇಳಕಲ್ಲಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತೇನೆ.

ಅವ್ವನ ಹೊಟ್ಟೆ ಉಬ್ಬತೊಡಗಿದಾಗ ಎಲ್ಲರೂ ಗ್ಯಾಸು ಅಂದೆವು. ಓಂಕಾಳು, ಸೋಡಾ, ಏನೇನೋ ಕುಡಿಸಿದೆವು. ಕೊನೆಗೆ ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಅಂಡಾಶಯದಲ್ಲಿ ಹುಟ್ಟಿದ್ದು ಹೊಟ್ಟೆಯ ತುಂಬ ಹರಡಿದೆ ಎಂದು ತಿಳಿಯಿತು. ಈರಣ್ಣ ಮೆಟ್ಟಿಲ ಮೇಲೆ ಕೂತು ಅತ್ತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ ಯಾರೋ ಅಪರಿಚಿತನ ಮೇಲೂ ಬಂತು.

ಅವ್ವನಿಗೆ ರೋಗದ ಹೆಸರು ಹೇಳಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಸಲಾಯಿನ್‌ನಲ್ಲಿ ಔಷಧಿ ಹಾಕಿ ಕರಗಿಸುತ್ತಾರೆ ಎಂದೆವು. ಅವಳು ಹೂಂ ಅಂದಳು. ಕಿಮೋ ಕೊಡುವ ವಾರ್ಡಿನಲ್ಲಿ ಗೋಡೆಗೊಂದರಂತೆ ಆ ಹೆಸರನ್ನು ಮೊಳದುದ್ದದ ಅಕ್ಷರಗಳಲ್ಲಿ ಬರೆದಿದ್ದರು. ಅವ್ವನಿಗೆ ಓದಲು ಚೆನ್ನಾಗಿ ಬರುತ್ತದೆ. ಆದರೂ ಅವಳಿಗೆ ಗೊತ್ತಾಗಿಲ್ಲ ಎಂದು ನಾವು ನಂಬಿಕೊಂಡು ಓಡಾಡಿದೆವು, ನೋಡಿರಿ ನಮ್ಮ ಜಾಣತನ. ನರ್ಸಮ್ಮ ಬಂದು ಬಾಯಿ ತೆರೆದರೆ ಸಾಕು, ಈರಣ್ಣ ಹಿಂದಿನಿಂದ ಕಣ್ಸನ್ನೆ ಮಾಡುತ್ತಿದ್ದ.

ಮೊದಮೊದಲು ಔಷಧಿ ಕೆಲಸ ಮಾಡಿತು. ಹೊಟ್ಟೆಯ ನೀರು ಇಳಿಯಿತು. ಕೂದಲು ಹೋಯಿತು, ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ಹೇನಿನ ಕಾಟ ತಪ್ಪಿತು ಅಂದಳು. ಕೆಟ್ಟದ್ದು ಬಂದದ್ದು ಆಮೇಲೆ. ಬಾಯಿಯ ತುಂಬ ಹುಣ್ಣು. ನಾಲಿಗೆ ಸುಲಿದು ಕೆಂಪಗಾಗಿ ಹಾಲು ಕೂಡ ಉರಿಯುತ್ತಿತ್ತು. ಬೆರಳ ತುದಿಗಳು ಜೋಮು ಹಿಡಿದು ಸೀರೆಯ ನಿರಿಗೆ ಹಿಡಿಯಲು ಆಗುತ್ತಿರಲಿಲ್ಲ. ಒಂದು ಸರದಿ ಮುಗಿಸಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಅವಳು ಮಾತು ಕಡಿಮೆ ಮಾಡಿದಳು, ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಆದದ್ದು ಅದಕ್ಕೆ. ಪಕ್ಕದ ಹಾಸಿಗೆಯಲ್ಲಿದ್ದ ತನ್ನ ಗಂಡನನ್ನು ನೋಡಿಕೊಳ್ಳಲು ಬಂದಿದ್ದ ಬಾದಾಮಿ ಕಡೆಯ ಹುಸೇನಬಿ ಎಂಬ ಹೆಂಗಸು, ಮಜ್ಜಿಗೆಯನ್ನು ಫ್ರಿಜ್ಜಿನಲ್ಲಿಟ್ಟು ಮಂಜುಗಡ್ಡೆ ಮಾಡಿ ಚೂರು ಚೂರು ಬಾಯಲ್ಲಿ ಇಡಿರಿ ಎಂದು ಹೇಳಿಕೊಟ್ಟಳು. ಬರೀ ಹೇಳಲಿಲ್ಲ, ಮರುದಿನ ತಾನೇ ಡಬ್ಬಿಯಲ್ಲಿ ತಂದಳು. ಅವ್ವ ಅದನ್ನು ಚೀಪುವಾಗ ಹುಸೇನಬಿ ಅವಳ ಬೆನ್ನ ಮೇಲೆ ಕೈ ಆಡಿಸುತ್ತ ನಿಂತಿದ್ದಳು. ಆ ಹೆಂಗಸಿಗೆ ದೇವರು ಒಳ್ಳೆಯದು ಮಾಡಲಿ.

ಆಮೇಲೆ ಆ ದಿನ ಬಂತು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ದಕ್ಷಿಣದ ಕಡೆಯವರು. ನಮ್ಮಿಬ್ಬರನ್ನೇ ಒಳಗೆ ಕರೆದು ಹೊಸ ಸ್ಕ್ಯಾನಿನ ವಿಷಯ ಹೇಳಿದರು. ರೋಗ ಇನ್ನು ಕುಗ್ಗುತ್ತಿಲ್ಲ, ಬೆಳೆದೂ ಇಲ್ಲ. ಇದು ಪೂರ್ತಿ ಹೋಗುವ ರೋಗವಲ್ಲ ಎಂದು ಮೊದಲೇ ಹೇಳಿದ್ದೇನೆ, ದೇಹ ಬಹಳ ದಣಿದಿದೆ, ಬೇಕಾದರೆ ಸ್ವಲ್ಪ ಕಾಲ ಕಿಮೋ ನಿಲ್ಲಿಸಿ ನೋಡಬಹುದು. ನಿಲ್ಲಿಸಿದಾಗ ಬೆಳೆಯಲೂಬಹುದು. ಮುಂದುವರಿಸಿದರೆ ಈ ದೇಹ ಎಷ್ಟು ತಡೆದೀತು ಎಂದು ಹೇಳಲಾರೆ. ಮನೆಯವರು ಮಾತಾಡಿಕೊಂಡು ಬನ್ನಿ ಅಂದರು.

ಹೊರಗೆ ಬಂದು ನೀರಿನ ಫಿಲ್ಟರಿನ ಹತ್ತಿರ ನಿಂತು ನಾವು ಮಾತಾಡಿಕೊಳ್ಳಲಿಲ್ಲ, ಕಚ್ಚಾಡಿದೆವು. ನಿಲ್ಲಿಸುವುದೆಂದರೆ ಅವ್ವನನ್ನು ಕೈಯಾರೆ ಕಳಿಸಿದ ಹಾಗೆ ಎಂದು ಈರಣ್ಣ. ನೀನು ಅವಳ ಬಾಯೊಳಗೆ ಒಂದು ಸಲ ನೋಡಿದ್ದೀಯೇನು ಎಂದು ನಾನು. ನೀನು ಹೆದರಿಕೊಂಡಿದ್ದೀಯ ಎಂದು ಅವನು. ಹೌದು ಹೆದರಿಕೊಂಡಿದ್ದೇನೆ, ನೀನೇನು ಭಾರೀ ಧೈರ್ಯವಂತನೇ ಎಂದು ನಾನು. ಸತ್ಯ ಹೇಳಬೇಕೆಂದರೆ ಅವನ ಮಾತೂ ಸುಳ್ಳಾಗಿರಲಿಲ್ಲ. ನಿಲ್ಲಿಸಿದ ಮೇಲೆ ಗಡ್ಡೆ ಬೆಳೆದರೆ ಆ ಪಾಪ ಹೊತ್ತುಕೊಂಡು ತಿರುಗುವವರು ಯಾರು ಎಂಬುದು ನನ್ನನ್ನೂ ಕೊರೆಯುತ್ತಿತ್ತು.

ಅವತ್ತು ಈರಣ್ಣ ಎತ್ತಿಕೊಂಡು ಬಂದಿದ್ದ ಅವ್ವನನ್ನು ನಾವು ದೂರದ ಸ್ಟೀಲು ಕುರ್ಚಿಯಲ್ಲಿ ಕೂರಿಸಿ ಬಂದಿದ್ದೆವು. ಬಾಯಿ ತುಂಬ ಹುಣ್ಣಿದ್ದವಳಿಗೆ ಅಷ್ಟು ದನಿ ಎಲ್ಲಿಂದ ಬಂತೋ, ಗಿರಣಿಯಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದಳು.

"ಏ, ಇಬ್ರೂ ಇಲ್ಲಿ ಬರ್ರಿ. ಕ್ಯಾನ್ಸರ್ ಆಗಿದ್ದು ನನಗ. ಜಗಳ ನೀವ್ಯಾಕ ಆಡ್ತೀರಿ?"

ಕೂತವರೆಲ್ಲ ತಿರುಗಿ ನೋಡಿದರು. ಈರಣ್ಣನ ಮುಖ ಬಿಳಚಿಕೊಂಡಿತು. ನಾವು ಇಷ್ಟು ದಿನ ಬಾಯಲ್ಲಿ ಕಟ್ಟಿ ಹಿಡಿದಿದ್ದ ಆ ಶಬ್ದವನ್ನು ಅವಳು ಜೋಳದ ಚೀಲದವರ ಹೆಸರು ಕೂಗಿದ ಹಾಗೆ ಹೇಳಿದ್ದಳು. ಯಾವಾಗ ಗೊತ್ತಾಯಿತು ಎಂದು ಆಮೇಲೆ ಕೇಳಿದೆ. ಮೊದಲನೆಯ ದಿನವೇ ಅಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ನಿಮಗೆ ಸಂಕಟ ಆಗಬಾರದು ಅಂತ ಅಂದಳು. ಅಂದರೆ ಮೂವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ತಿರುಗಿದ್ದೆವು.

ಅವಳನ್ನು ಕರೆದುಕೊಂಡೇ ಮತ್ತೆ ಒಳಗೆ ಹೋದೆವು. ಅವ್ವ ಡಾಕ್ಟರ ಎದುರು ಕೂತು, ಕಿಮೋ ನಿಲ್ಲಿಸಿದರೆ ಸಾಯುತ್ತೇನೆಯೇ ಎಂದು ನೇರವಾಗಿ ಕೇಳಿದಳು. ಆ ಹುಡುಗಿ ಕಣ್ಣು ತಪ್ಪಿಸಲಿಲ್ಲ. ಯಾವಾಗ ಎಂದು ಹೇಳಲಾರೆ, ಇವತ್ತಂತೂ ಅಲ್ಲ, ನಿಲ್ಲಿಸಿದರೆ ಬಾಯಿ ಮಾಯುತ್ತದೆ, ಊಟ ಸೇರುತ್ತದೆ, ಮತ್ತೆ ಬೇಕೆನಿಸಿದರೆ ಶುರು ಮಾಡಬಹುದು, ಆದರೆ ಅಷ್ಟರಲ್ಲಿ ಅದು ಬೆಳೆದಿರಲೂಬಹುದು ಎಂದು ಮತ್ತೊಮ್ಮೆ ಬಿಡಿಸಿ ಹೇಳಿದರು.

"ನನಗ ಖಾರ ಹಚ್ಕೊಂಡು ರೊಟ್ಟಿ ತಿನ್ಬೇಕಾಗೈತ್ರಿ," ಅಂದಳು ಅವ್ವ. "ಅಲ್ಲೀತನ ನಿಲ್ಲಸ್ರಿ."

ಕೊನೆಯ ಆಸೆ ಎಂದು ಯಾರೂ ತಿಳಿಯಬಾರದು. ಕಾಶಿಯಲ್ಲ, ಶ್ರೀಶೈಲವಲ್ಲ, ರೊಟ್ಟಿ. ಬದುಕಿರುವವರು ಕೇಳುವಂಥದ್ದನ್ನೇ ಅವಳು ಕೇಳಿದಳು.

ಅವ್ವನನ್ನು ಇಳಕಲ್ಲಿಗೆ ನಮ್ಮ ಮನೆಗೆ ಕರೆತಂದೆ. ಈರಣ್ಣ ಬಸ್ ಹತ್ತಿಸಿದ, ನನ್ನ ಜೊತೆ ಮಾತಾಡಲಿಲ್ಲ. ನಿಧಾನವಾಗಿ ಹುಣ್ಣು ಮಾಯಿತು. ಮೊದಲು ಗಂಜಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೊಂದು ಬೆಳಿಗ್ಗೆ ಬಿಸಿ ರೊಟ್ಟಿಯ ಮೇಲೆ ಕೆಂಪು ಖಾರ ಹಚ್ಚಿ ಎಣ್ಣೆ ಬಿಟ್ಟುಕೊಂಡು ತಿಂದಳು. ಕಣ್ಣಲ್ಲಿ ಮೂಗಲ್ಲಿ ನೀರು. ಉರಿಯುತ್ತದೇನು ಎಂದು ಗಾಬರಿಯಾಗಿ ಕೇಳಿದೆ. ಖಾರ ಉರಿಯದೆ ಸಿಹಿ ಆಗುತ್ತದೇನು ಎಂದು ಬೈದು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ನಾನು ಒಲೆಯ ಕಡೆ ಮುಖ ಮಾಡಿ ನಿಂತು ಅತ್ತೆ. ಸಂತೋಷಕ್ಕೇ ಅತ್ತೆ, ಆದರೆ ಅದರಲ್ಲಿ ಹೆದರಿಕೆಯೂ ಇತ್ತು. ಅವಳು ಕೆಮ್ಮಿದರೆ ಸಾಕು, ಹೊಲಿಗೆ ಬಿಟ್ಟು ಓಡುತ್ತಿದ್ದೆ. ಸ್ನಾನ ಮಾಡಿಸುವಾಗ ಹೊಟ್ಟೆಯನ್ನೇ ನೋಡುತ್ತಿದ್ದೆ, ನಿನ್ನೆಗಿಂತ ದೊಡ್ಡದಾಗಿದೆಯೇನೋ ಎಂದು.

ಈ ನಡುವೆ ಸುದ್ದಿ ಊರೂರು ತಿರುಗಿತ್ತು. ನಿಲ್ಲಿಸಿದ್ದು ಅನ್ನುವುದು ಬಿಟ್ಟದ್ದು ಆಯಿತು, ಬಿಟ್ಟದ್ದು ಡಾಕ್ಟರು ಕೈ ಚೆಲ್ಲಿದ್ದು ಆಯಿತು. ಮಾತಾಡಿಸಲು ಬರುವವರು ಬಾಳೆಹಣ್ಣು, ಬಿಸ್ಕೀಟು ಹಿಡಿದು ಬಂದು ಅವ್ವನ ಪಾದದ ಕಡೆ ಕೂತು ನಿಟ್ಟುಸಿರು ಬಿಡುತ್ತಿದ್ದರು. ಒಬ್ಬಾಕೆಯಂತೂ ಅವಳೆದುರಿಗೇ ನನ್ನನ್ನು ಕೇಳಿದಳು, ಯಾರ್ಯಾರಿಗೆ ತಿಳಿಸಿದ್ದೀರಿ ಎಂದು. ಆಕೆಯ ಬಿಸ್ಕೀಟನ್ನು ನಾನು ನಾಯಿಗೆ ಹಾಕಿದೆ.

ಮರೋಳದ ಮಲ್ಲಪ್ಪ ಮಾಮಾನಿಗೂ ಸುದ್ದಿ ಮುಟ್ಟಿತು. ಮಲ್ಲಪ್ಪ ಮಾಮಾ ಅವ್ವನ ಅಣ್ಣ. ತಾಯಿ ಇಲ್ಲದ ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಅವಳ ಮೈಮೇಲೆ ಹೊದಿಸುವ ಕೊನೆಯ ಸೀರೆ ತವರುಮನೆಯದೇ ಆಗಬೇಕು. ಅದು ಬರುವ ತನಕ ಹೆಣ ಎತ್ತುವುದಿಲ್ಲ. ತಾನು ತಡಮಾಡಿ ತಂಗಿಗೆ ತವರಿನ ಸೀರೆ ತಪ್ಪಿದರೆ ಏನು ಗತಿ ಎಂದು ಮಾಮಾ ಮೊದಲ ಬಸ್ಸಿಗೇ ಹೊರಟು, ಇಳಕಲ್ಲಿನಲ್ಲಿ ಇಳಿದವನೇ ಅಂಗಡಿಗೆ ಹೋಗಿ ಸೀರೆ ಕೊಂಡು, ಕೈಚೀಲದಲ್ಲಿ ಹಾಕಿಕೊಂಡು ನಮ್ಮ ಓಣಿಗೆ ಬಂದ.

ಆಗ ಲಗ್ನದ ಸುಗ್ಗಿ. ಅಳತೆ ಕೊಡಲು ಬಂದ ಹೆಂಗಸರ ಚಪ್ಪಲಿಗಳು ನಮ್ಮ ಬಾಗಿಲ ಮುಂದೆ ರಾಶಿ ಬಿದ್ದಿದ್ದವು. ಒಳಗೆ ಜಾಗವಿಲ್ಲದೆ ನಾಲ್ಕಾರು ಮಂದಿ ಕಟ್ಟೆಯ ಮೇಲೂ ಕೂತಿದ್ದರು. ಅವ್ವ ಮಲಗಿದ್ದಾಳೆ ಎಂದು ನಾನೇ ಅವರಿಗೆಲ್ಲ ಗದ್ದಲ ಮಾಡಬೇಡಿ ಎಂದಿದ್ದೆ. ಹೊರಗೆ ಚಪ್ಪಲಿಯ ರಾಶಿ, ಮಾತಿಲ್ಲದೆ ಕೂತ ಹೆಂಗಸರು. ಮಾಮಾ ಓಣಿಯ ತಿರುವಿನಲ್ಲೇ ಅದನ್ನು ನೋಡಿದ. ಅಲ್ಲಿಂದಲೇ ದನಿ ತೆಗೆದು ಅಳುತ್ತ ಬಂದ, ನನ್ನ ತಂಗೀ, ನನ್ನ ಬಿಟ್ಟು ಹೋದ್ಯಾ ಎಂದು.

ಹೆಂಗಸರು ಎದ್ದು ನಿಂತರು. ನಾನು ಕತ್ತರಿ ಹಿಡಿದುಕೊಂಡೇ ಹೊರಗೆ ಓಡಿದೆ. ನನಗಿಂತ ಮೊದಲು ಅವ್ವ ನಿದ್ದೆಯಿಂದೆದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದಿದ್ದಳು.

"ಯಾರ್ ಸತ್ರೋ ಅಣ್ಣಾ?" ಎಂದು ಕೇಳಿದಳು.

ಮಾಮಾ ಅಲ್ಲೇ ನಿಂತ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು, ತಂಗಿಯ ಎರಡೂ ಕೈ ಹಿಡಿದುಕೊಂಡು ಮತ್ತೆ ಅತ್ತ. ಈ ಸಲ ಸದ್ದಿರಲಿಲ್ಲ. ಅವ್ವನೂ ಅತ್ತಳು. ನೀರು ಕುಡಿಸಿದೆ, ಚಹಾ ಮಾಡಿದೆ. ಎಲ್ಲ ತಣ್ಣಗಾಯಿತು ಅನ್ನುವಷ್ಟರಲ್ಲಿ ಅವ್ವನ ಕಣ್ಣು ಕೈಚೀಲದ ಮೇಲೆ ಬಿತ್ತು. ಅದರಲ್ಲೇನು ಅಂದಳು. ಏನೂ ಇಲ್ಲ ಎಂದು ಮಾಮಾ ಚೀಲವನ್ನು ಹಿಂದಕ್ಕೆ ಸರಿಸಿದ. ಅವಳು ಎಳೆದುಕೊಂಡು ತೆಗೆದೇ ಬಿಟ್ಟಳು. ವಿಧವೆಗೆ ಎಂದು ಆರಿಸಿದ ಬೂದಿ ಬಣ್ಣದ ಸೀರೆ.

ಅಂಥ ಸೀರೆಯನ್ನು ಬದುಕಿದ್ದವರಿಗೆ ತೋರಿಸುವುದೇ ಅಪಶಕುನ. ಮನೆಯೊಳಗೆ ತರಬಾರದು, ಅಂಗಡಿಗೆ ಹಿಂದಿರುಗಿಸಬಾರದು, ಇನ್ನೊಬ್ಬರಿಗೆ ಕೊಡಬಾರದು. ಮಾಮಾ ತಲೆ ತಗ್ಗಿಸಿ, ತಪ್ಪಾಯಿತು ತಂಗಿ, ಇದನ್ನು ಹೊಳೆಗೆ ಬಿಟ್ಟು ಬರುತ್ತೇನೆ ಅಂದ. ಅವ್ವ ಸೀರೆಯನ್ನು ಹೊರಳಿಸಿ ನೋಡಿದಳು, ಸೆರಗು ಬಿಡಿಸಿ ನೋಡಿದಳು.

"ನೇಯ್ಗಿ ಚಲೋ ಐತಿ. ಬಣ್ಣ ಚಲೋ ಇಲ್ಲ. ನಡಿ, ಬದ್ಲಿ ಮಾಡ್ಸೂಣು."

ಹಾಗೆಲ್ಲ ಮಾಡಬಾರದು ಎಂದು ಮಾಮಾ ಗೋಗರೆದ. ಇಂಥ ಸೀರೆಯನ್ನು ಯಾರಾದರೂ ಸತ್ತರೆ ಹಿಂದಿರುಗಿಸಬಾರದು, ಇಲ್ಲಿ ಸತ್ತವರು ಯಾರು ಎಂದು ಅವಳು ವಾದಕ್ಕೆ ನಿಂತಳು. ಅಳತೆಗೆ ಬಂದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಆಟೋ ಕರೆದೆ.

ಅಂಗಡಿಯವರು ಮಾಮಾನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕಾರ್ಯ ಮುಗಿಯಿತೇನ್ರಿ ಎಂದು ಮೆಲ್ಲಗೆ ಕೇಳಿದರು. ಮಾಮಾ ನೆಲ ನೋಡಿದ. ಅವ್ವ ಗಾದಿಯ ಮೇಲೆ ಆರಾಮಾಗಿ ಕೂತು ಸೀರೆಯನ್ನು ಮುಂದಿಟ್ಟಳು.

"ಇದು ನನಗ ತಂದಿದ್ದು. ಸತ್ತಾಕಿ ನಾನರಿ. ಬಣ್ಣ ಮನಸ್ಸಿಗಿ ಬರಲಿಲ್ಲ, ದಾಳಿಂಬಿ ಬಣ್ಣದ್ದು ತೋರಸ್ರಿ."

ಅಂಗಡಿಯವರು ಅವಳ ಬೋಳು ತಲೆಯ ಮೇಲಿನ ಸೆರಗು ನೋಡಿದರು, ಕೈಮೇಲಿನ ಸೂಜಿಯ ಕಲೆ ನೋಡಿದರು. ಎದ್ದು ಹೋಗಿ ದಾಳಿಂಬೆ ಬಣ್ಣದವನ್ನೆಲ್ಲ ಇಳಿಸಿ ಹರವಿದರು. ಅಪ್ಪ ಹೋದ ಮೇಲೆ ಅವ್ವ ಬಣ್ಣದ ಸೀರೆ ಮುಟ್ಟಿರಲಿಲ್ಲ. ಅವತ್ತು ಹತ್ತಾರು ಸೀರೆ ಬಿಚ್ಚಿಸಿ, ಮೂಗು ಮುರಿದು, ಕೆಂಪು ಸೆರಗಿನದೊಂದನ್ನು ಆರಿಸಿದಳು. ಮಾಮಾ ನಗುತ್ತಿದ್ದನೋ ಅಳುತ್ತಿದ್ದನೋ, ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಮನೆಗೆ ಬಂದವಳೇ ಅಳತೆ ತೆಗೆದುಕೋ ಅಂದಳು. ನಾನು ದಿನಾ ಎಷ್ಟೋ ಹೆಂಗಸರ ಮೈಗೆ ಟೇಪು ಹಿಡಿಯುವವಳು. ಅವ್ವನ ತೋಳಿಗೆ ಟೇಪು ಸುತ್ತಿ, ಬಂದ ಅಳತೆಯನ್ನು ನಂಬದೆ ಇನ್ನೊಮ್ಮೆ ಸುತ್ತಿದೆ, ಅಷ್ಟು ಸಣಕಲಾಗಿದ್ದಳು. ಅವಳಿಗೆ ಗೊತ್ತಾಯಿತು. ಒಳಗೆ ಬಟ್ಟೆ ಜಾಸ್ತಿ ಬಿಟ್ಟು ಹೊಲಿ, ಮೈ ಬಂದ ಮೇಲೆ ಬಿಚ್ಚಲು ಬರಬೇಕು ಅಂದಳು. ಹಾಗೇ ಹೊಲಿದೆ.

ಆ ಸೀರೆ ಉಟ್ಟುಕೊಂಡು ಅವಳು ಬಾದಾಮಿಗೆ ಲಗ್ನಕ್ಕೆ ಹೋದಳು. ಈರಣ್ಣನ ಹೆಂಡತಿಯ ತಮ್ಮನ ಲಗ್ನ. ಬಂಧುಗಳೆಲ್ಲ ದೆವ್ವ ಕಂಡವರ ಹಾಗೆ ನಿಂತರು. ಅವಳು ಎಲ್ಲರನ್ನೂ ಹೆಸರು ಹಿಡಿದು ಕೂಗಿ ಮಾತಾಡಿಸಿದಳು, ಪಂಕ್ತಿಯಲ್ಲಿ ಕೂತು ಹೋಳಿಗೆ ಮೇಲೆ ತುಪ್ಪ ಕೇಳಿ ಹಾಕಿಸಿಕೊಂಡಳು. ಈರಣ್ಣ ಬಡಿಸುವವರ ಹಿಂದೆ ನಿಂತು ಅವಳು ಉಣ್ಣುವುದನ್ನೇ ನೋಡುತ್ತಿದ್ದ. ಊಟ ಮುಗಿದ ಮೇಲೆ ನನ್ನ ಹತ್ತಿರ ಬಂದು, ಅಕ್ಕಾ, ಚಹಾ ಕುಡೀತೀಯೇನು ಎಂದು ಕೇಳಿದ. ಬಾಗಲಕೋಟೆಯ ಜಗಳದ ನಂತರ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಆಮೇಲೆ ಸ್ಕ್ಯಾನ್ ಮಾಡಿಸುವ ಸರದಿ ಬಂತು. ಅದೇ ದವಾಖಾನೆ, ಅದೇ ಸ್ಟೀಲು ಕುರ್ಚಿ. ಒಂದು ವೇಳೆ ಬೆಳೆದಿದ್ದರೆ ಈರಣ್ಣನ ಮುಖವನ್ನು ಹೇಗೆ ನೋಡಲಿ ಎಂದೇ ಯೋಚಿಸುತ್ತಿದ್ದೆ. ಡಾಕ್ಟರ್ ಮೂವರನ್ನೂ ಒಳಗೆ ಕರೆದು, ಚಿತ್ರ ತೋರಿಸಿ, ಬೆಳೆದಿದೆ ಅಂದರು. ಬಹಳ ಅಲ್ಲ, ಆದರೆ ಬೆಳೆದಿದೆ. ಔಷಧಿಯ ಪ್ರಮಾಣ ಕಡಿಮೆ ಮಾಡಿ ಮತ್ತೆ ಶುರು ಮಾಡಬಹುದು, ಇಲ್ಲವೇ ಇನ್ನಷ್ಟು ದಿನ ಹೀಗೇ ನೋಡಬಹುದು. ಅಭ್ಯಾಸ ಬಲದಿಂದ ಈರಣ್ಣನ ಕಡೆ ತಿರುಗಿ ಏನು ಮಾಡೋಣ ಎಂದು ಕೇಳಿದರು.

ನಾನು ಕಣ್ಣು ಮುಚ್ಚಿಕೊಂಡೆ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಬಹುದಾಗಿತ್ತು. ಅವನು ಬಹಳ ಹೊತ್ತು ಆ ಚಿತ್ರವನ್ನೇ ನೋಡಿದ. ಅವನ ಕಣ್ಣು ತುಂಬಿಕೊಂಡಿತ್ತು.

"ಅವ್ವನ್ನ ಕೇಳ್ರಿ ಮೇಡಂ," ಅಂದ.

ಡಾಕ್ಟರ್ ಕುರ್ಚಿಯನ್ನು ಅವ್ವನ ಕಡೆ ತಿರುಗಿಸಿಕೊಂಡರು. ಸ್ವಲ್ಪ ತಡೆಯಿರಿ, ವಿಚಾರ ಮಾಡುತ್ತೇನೆ ಅಂದಳು ಅವ್ವ. ನಾವೆಲ್ಲ ಕಾಯುತ್ತ ಕೂತೆವು, ಡಾಕ್ಟರೂ ಕೂಡ. ಹೊರಗೆ ಯಾರೋ ಬಾಗಿಲು ತಟ್ಟಿದರು, ಡಾಕ್ಟರ್ ಆಮೇಲೆ ಬನ್ನಿ ಎಂದು ಕಳಿಸಿದರು.

"ಅದೂ ಬೆಳದೈತಿ, ನಾನೂ ಬೆಳದೇನಿ," ಎಂದಳು ಅವ್ವ, ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ. "ಹೋದ ಸಲ ಇಂವ ನನ್ನ ಎತ್ಕೊಂಡ ಬಂದಿದ್ದ. ಇವತ್ತ ನಾನ ನಡ್ಕೊಂತ ಬಂದೇನಿ. ಸುರು ಮಾಡ್ರಿ. ಸಾಕನ್ನಿಸಿದ್ ದಿನ ಮತ್ತ ನಾನ ಹೇಳ್ತೇನಿ."